ಏಳನೆಯ ಕಟ್ಟೆಯ ಕಲ್ಲು

ಹಿಟ್ನಾಳ,
ವ್ಯಯ ಸಂವತ್ಸರ, ಆಶ್ವೀಜ ಶುದ್ಧ ಪಾಡ್ಯ

ಈ ಕಾಗದ ಒಡೆದವರು ಯಾರೇ ಇರಲಿ, ಮೊದಲು ನಾಚಿಕೆಪಡಿರಿ. ಮೇಲೆ ಬರೆದ ಹೆಸರು ಕಾಣಿಸಲಿಲ್ಲವೇ? ಕಣ್ಣಿಗೆ ಪೊರೆ ಬಂದಿದ್ದರೆ ಕೊಪ್ಪಳದ ದವಾಖಾನೆಗೆ ಹೋಗಿರಿ, ಮಂದಿಯ ಕಾಗದದಲ್ಲಿ ಔಷಧ ಹುಡುಕಬೇಡಿರಿ. ಕ್ಲಬ್ಬಿನ ಗುಮಾಸ್ತನಾಗಿದ್ದರೆ ಮಡಚಿಟ್ಟು ನಿನ್ನ ಕೆಲಸ ನೋಡಿಕೋ. ಮನೆಯ ಸೊಸೆಯಾಗಿದ್ದರೆ, ಏ ಶೇಖರಮ್ಮ, ಗಂಡನ ಕಾಗದ ಕದ್ದು ಓದುವುದನ್ನು ಗಂಗಾವತಿಯ ತವರಿನಲ್ಲಿ ಯಾರು ಕಲಿಸಿದರು? ಇರಲಿ. ಒಡೆದದ್ದು ಒಡೆದೆ, ಇನ್ನು ಅರ್ಧಕ್ಕೆ ಬಿಟ್ಟರೆ ಅದು ಇನ್ನೊಂದು ತಪ್ಪು. ಕಡೆತನಕ ಓದು.

ವಿರೂಪಾಕ್ಷಪ್ಪ, ಒಂದು ಕೂಗಳತೆಯ ದೂರದಲ್ಲಿದ್ದುಕೊಂಡು ಆಯಿ ಕಾಗದ ಯಾಕೆ ಬರೆದಳು ಎನ್ನುತ್ತೀಯ. ಎದುರು ಬಂದರೆ ನಿನ್ನ ಮುಖ ಕಾಣುತ್ತದೆ. ಮುಖ ಕಂಡರೆ ಉಂಡೆಯೋ ಇಲ್ಲವೋ ಎಂದು ಕೇಳಿ, ರೊಟ್ಟಿ ಹಾಕಿ, ಬೈಯಬೇಕಾದದ್ದನ್ನು ಮರೆತುಬಿಡುತ್ತೇನೆ. ಕಾಗದಕ್ಕೆ ಹಸಿವೆ ಇರುವುದಿಲ್ಲ. ಅಯ್ಯನವರ ಸಾಲಿಯಲ್ಲಿ ಮರಳ ಮೇಲೆ ತಿದ್ದಿದ ಅಕ್ಷರ ನನ್ನವು, ಸೊಟ್ಟಗಿವೆ. ಸೊಟ್ಟಗಿದ್ದರೂ ಹೇಳಬೇಕಾದದ್ದನ್ನು ನೆಟ್ಟಗೆ ಹೇಳುತ್ತವೆ.

ನಿನ್ನೆ ಹಿರಿಯರ ಅಮಾವಾಸ್ಯೆ. ವರ್ಷದಂತೆ ಹೋಳಿಗೆ ಮಾಡಿ, ಎಡೆ ಹೊತ್ತುಕೊಂಡು ನಿಮ್ಮವ್ವನ ಹತ್ತಿರ ಹೋದೆ. ಹೊಳೆಗೆ ಆಣೆಕಟ್ಟು ಕಟ್ಟಲು ಬಂದ ಸಾಹೇಬರು ಆ ಬೀಳಿನಲ್ಲಿ ಚೆಂಡು ಹೊಡೆಯುವ ಮೈದಾನ ಮಾಡಿದ್ದಾರೆಂದು ಗೊತ್ತಿತ್ತು. ಆ ಕ್ಲಬ್ಬಿಗೆ ನೀನೇ ಮ್ಯಾನೇಜರ್ ಎಂದು ಊರ ತುಂಬ ಹೇಳಿಕೊಂಡು ಬಂದವಳೂ ನಾನೇ. ಹೋಗಿ ನೋಡಿದರೆ ನನ್ನ ಮಗಳನ್ನು ಹೂತಲ್ಲಿ ಪೇರಿಸಿದ್ದ ಕಲ್ಲಿನ ಗುಂಪಿ ಇಲ್ಲ. ಆ ದಿಬ್ಬದ ಮೇಲೆ ಗರಸು ಮಣ್ಣು ಬಡಿದು ಕಟ್ಟೆ ಕಟ್ಟಿದ್ದಾರೆ. ಏಳು ಎಂದು ಬರೆದ ತಗಡು ನೆಟ್ಟಿದ್ದಾರೆ. ಬೂಟುಗಾಲಿನ ಒಬ್ಬ ಸಾಹೇಬ ಚೆಂಡು ಹೊಡೆಯಲು ಅದರ ಮೇಲೆ ನಿಂತು, ಕೋಲು ಬೀಸುತ್ತ ಸೊಂಟ ತಿರುವುತ್ತಿದ್ದ.

"ಏ ಮುದುಕಿ, ಹಿಂದಕ್ಕ ಸರಿ! ಚೆಂಡು ಬಡದ್ರ ತಲಿ ಒಡೀತೈತಿ" ಎಂದು ನಿನ್ನ ಜವಾನ ಓಡಿ ಬಂದ.

"ತಮ್ಮಾ, ನನ್ನ ಮಗಳಿಗೆ ಎಡಿ ಇಡಾಕ ಬಂದೀನಿ" ಎಂದೆ.

"ಇಲ್ಲಿ ಯಾವ ಮಗಳದಾಳ? ಮ್ಯಾನೇಜರ್ ಸಾಹೇಬ್ರ ಹೇಳ್ಯಾರ, ಇಲ್ಲಿದ್ದದ್ದು ಬರೇ ಕಲ್ಲಿನ ಗುಂಪಿ ಅಂತ. ಅವ್ರ ಮುಂದ ನಿಂತು ತಗಿಸ್ಯಾರ."

ಅವರೇ ಮುಂದೆ ನಿಂತು ತೆಗೆಸಿದರಂತೆ. ವಿರೂಪಾಕ್ಷಪ್ಪ, ಆ ಗುಂಪಿಯ ಮೇಲೆ ಬಿಳಿ ಕಲ್ಲುಗಳಿದ್ದವು. ಅವನ್ನು ಇಟ್ಟವನು ನೀನು. ಸಣ್ಣವನಿದ್ದಾಗ ಹಳ್ಳದಲ್ಲಿ ಹುಡುಕಿ, ಅಂಗಿಗೆ ಒರೆಸಿ, "ಅವ್ವಗ ಇದು ಛಲೋ ಐತಿ" ಎಂದು ಇಡುತ್ತಿದ್ದೆ. ಅವೂ ಬರೇ ಕಲ್ಲಾದವೇನು?

ಎಡೆಯನ್ನು ಅಲ್ಲೇ ಬಯಲಿನಲ್ಲಿ ಬಿಚ್ಚಿಟ್ಟು ಬಂದೆ. ನೀನು ಮಾಡಬೇಕಾದದ್ದು ಇಷ್ಟೆ. ಆ ಸಾಹೇಬರ ಎದುರು ನಿಂತು "ಇದು ನಮ್ಮವ್ವನ ಜಾಗ" ಎಂದು ಬಾಯಿಬಿಟ್ಟು ಹೇಳು. ಕಟ್ಟೆ ಕೀಳಿಸು. ಹೇಳದಿದ್ದರೆ ನಾನು ಹೇಳಿಸುತ್ತೇನೆ. ಹಾಲು ಹಾಕಲು ಬರುವ ಜಿಲಾನಸಾಬನ ಕೈಯಲ್ಲಿ ಈ ಕಾಗದ ಕೊಟ್ಟಿದ್ದೇನೆ, ಉತ್ತರವನ್ನೂ ಅವನ ಕೈಯಲ್ಲೇ ಕಳಿಸು.

ನಿನ್ನನ್ನು ಸಾಕಿದ ಆಯಿ,
ಕಳಕಮ್ಮ

*

ಆಣೆಕಟ್ಟು ಕ್ಯಾಂಪು,
ತಾ. ೩ ಅಕ್ಟೋಬರ್ ೧೯೪೬

ಪೂಜ್ಯ ಆಯಿಗೆ ವಿರೂಪಾಕ್ಷಪ್ಪನ ಶಿರಸಾಷ್ಟಾಂಗ ನಮಸ್ಕಾರಗಳು.

ನಿನ್ನ ಕಾಗದ ಅಂಟು ಬಿಡದೆ ನನ್ನ ಮೇಜಿಗೆ ಬಂತು, ಪುಣ್ಯ. ಇನ್ನು ಮುಂದೆ ಇಂಥ ಮಾತು ಬರೆಯಬೇಡ. ಶೇಖರಮ್ಮ ಓದಿದರೆ ಮನೆ ಉರಿದು ಹೋಗುತ್ತದೆ. ನಮ್ಮವ್ವ ಹೈದರಾಬಾದಿನ ದವಾಖಾನೆಯಲ್ಲಿ ತೀರಿಕೊಂಡಳು, ಅಲ್ಲಿಯೇ ಮಠದ ಜಾಗದಲ್ಲಿ ಅವಳ ಗದ್ದುಗೆ ಇದೆ ಎಂದು ಶೇಖರಮ್ಮನ ತವರಿನವರಿಗೆ ಹೇಳಿದ್ದೆ. ಅಕ್ಕಿ ಗಿರಣಿಯ ಒಡೆಯರು, ಪ್ಲೇಗಿನಲ್ಲಿ ಸತ್ತು ಬೀಳಿನಲ್ಲಿ ಹೂಳಿಸಿಕೊಂಡವಳ ಮಗನಿಗೆ ಹೆಣ್ಣು ಕೊಡುತ್ತಿದ್ದರೇ? ಮದುವೆಯಲ್ಲಿ ಆ ಮಾತು ಬಂದಾಗ ನೀನೂ ಪಕ್ಕದಲ್ಲೇ ಕುಳಿತಿದ್ದೆ, ಎಲೆ ಅಡಿಕೆ ಹಾಕಿಕೊಂಡು ಸುಮ್ಮನಿದ್ದೆ.

ಈ ಕೆಲಸ ಎಂಥದು ಎಂದು ನಿನಗೆ ತಿಳಿಯದು. ಗಾಲ್ಫ್ ಆಟಕ್ಕೆ ಹುಲ್ಲಿನ ಮೈದಾನ ಬೇಕು, ಈ ನೆಲದಲ್ಲಿ ಹುಲ್ಲು ನಿಲ್ಲುವುದಿಲ್ಲ. ಚೆಂಡು ಬೀಳುವ ಕುಳಿಯ ಸುತ್ತ ಸುಟ್ಟ ಎಣ್ಣೆ ಕಲೆಸಿದ ಮರಳು ಹಾಸಿಸಿ, ಒಬ್ಬರು ಆಡಿ ಹೋದಂತೆಲ್ಲ ಗುಡಿಸಿ ನುಣ್ಣಗೆ ಮಾಡಿಸಬೇಕು. ಮೇಕೆ ಹಾದರೆ ಸಾಹೇಬರು ನನ್ನ ಮೇಲೆ ಹಾಯುತ್ತಾರೆ. ಸಿಕಂದರಾಬಾದಿನ ಐಸು ದಾರಿಯಲ್ಲಿ ಕರಗಿದರೂ ನಾನೇ ಕಾರಣ. ಇಸ್ಪೀಟಿನ ಕೋಣೆಯ ದೀಪ ಮಂದವಾದರೂ, ಒಬ್ಬರ ಬೇಗಂ ಕುಳಿತ ಖುರ್ಚಿಯಲ್ಲಿ ಇನ್ನೊಬ್ಬರ ಬೇಗಂ ಕುಳಿತರೂ ನಾನೇ. ಇವರೆಲ್ಲರ ನಡುವೆ ಹಿಟ್ನಾಳದ ಹುಡುಗನೊಬ್ಬ ಮ್ಯಾನೇಜರ್ ಆಗಿ ನಿಂತಿದ್ದಾನೆ ಎಂದರೆ ಅದು ಸಣ್ಣ ಮಾತಲ್ಲ.

ಮೈದಾನ ಅಳೆಯುವ ದಿನ ಅಧ್ಯಕ್ಷರಾದ ದೊಡ್ಡ ಇಂಜಿನಿಯರ್ ಸಾಹೇಬರು ಕೈಕೋಲಿನಿಂದ ತೋರಿಸಿ, "ಯೇ ಕ್ಯಾ ಹೈ?" ಎಂದರು. ನಾನು ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಸುತ್ತ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಕಲ್ಲಿನ ಗುಂಪಿ ಎಂದೆ. ಅದು ಕಲ್ಲಿನ ಗುಂಪಿಯೇ ಅಲ್ಲವೇ, ಆಯಿ? ಮೇಲಿನ ಕಲ್ಲು ಮಾತ್ರ ತೆಗೆಸಿದ್ದೇನೆ, ಒಳಗಿನ ಮಣ್ಣಿಗೆ ಗುದ್ದಲಿ ತಾಗಲು ಬಿಟ್ಟಿಲ್ಲ. ಊರಲ್ಲಿ ನಿನಗೆ ಬೇಕಾದ ಕಡೆ ಅವ್ವನ ಹೆಸರಿನಲ್ಲಿ ಚಂದದ ಕಟ್ಟೆ ಕಟ್ಟಿಸಿ ಕೊಡುತ್ತೇನೆ.

ಒಂದು ಸೀರೆಯನ್ನೂ ಬಿಸ್ಕೀಟಿನ ಡಬ್ಬಿಯನ್ನೂ ಕಳಿಸಿದ್ದೇನೆ. ಶೇಖರಮ್ಮ ಬಸುರಿ, ಪುಷ್ಯದಲ್ಲಿ ಹೆರಿಗೆ. ಆಶೀರ್ವಾದ ಮಾಡು.

ನಿನ್ನ ಮೊಮ್ಮಗ,
ವಿರೂಪಾಕ್ಷಪ್ಪ

*

ಹಿಟ್ನಾಳ,
ಆಶ್ವೀಜ ಬಹುಳ ಪಂಚಮಿ

ವಿರೂಪಾಕ್ಷಪ್ಪ,

ಸೀರೆ ಬಂತು. ನೆರೆಮನೆಯ ಪಕ್ಕೀರವ್ವನ ಎಮ್ಮೆ ಈದಿದೆ, ಚಳಿಗೆ ಕರು ನಡುಗುತ್ತಿತ್ತು, ಹೊದಿಸಿದ್ದೇನೆ. ಅದಕ್ಕೆ ಚಂದ ಒಪ್ಪುತ್ತದೆ. ಬಿಸ್ಕೀಟನ್ನು ನಾಯಿಗೆ ಹಾಕಿದೆ. ಮೂಸಿ ನೋಡಿ ನನ್ನ ಮುಖ ನೋಡಿತು. ಅದಕ್ಕೂ ಗೊತ್ತು, ಯಾರ ಕೈಯಿಂದ ಏನು ತಿನ್ನಬೇಕೆಂದು.

ಮದುವೆಯಲ್ಲಿ ಸುಮ್ಮನಿದ್ದೆ ಎಂದು ನೆನಪು ಮಾಡಿಕೊಟ್ಟೆ. ಸುಮ್ಮನಿದ್ದೆ, ಹೌದು. ಅಕ್ಷತೆ ಬೀಳುವ ಹೊತ್ತಿಗೆ ಬಾಯಿ ತೆಗೆದು ನಿನ್ನ ಮದುವೆ ಮುರಿಯಬೇಕಿತ್ತೇ? ಸತ್ತವಳನ್ನು ನಿನ್ನ ಬಾಯಿ ಹೈದರಾಬಾದಿಗೆ ಕಳಿಸಿತು, ಹೋಗಲಿ, ಸವಾರಿ ಮಾಡಿ ಬರಲಿ ಎಂದುಕೊಂಡೆ. ಈಗ ಅವಳ ಎದೆಯ ಮೇಲೆ ಬೂಟು ಹತ್ತಿಸಿದ್ದೀಯ. ಅಟ್ಟ ಹತ್ತಿದ ಮೇಲೆ ಏಣಿ ಒದೆಯುವವರನ್ನು ಕಂಡಿದ್ದೇನೆ. ಏಣಿಯನ್ನು ಸೀಳಿ ಸಾಹೇಬರ ಚಹಾಕ್ಕೆ ಒಲೆ ಹಚ್ಚಿದವನನ್ನು ಈಗ ಕಂಡೆ.

ಇನ್ನು ನನ್ನ ಮಾತು ಕೇಳು. ನಿನ್ನೆ ಬಾವಿಕಟ್ಟೆಯಲ್ಲಿ ಪಕ್ಕೀರವ್ವನ ಮುಂದೆ ಅತ್ತೆ. ನಾನು ಅಳುವವಳಲ್ಲ ಎಂದು ಅವಳಿಗೆ ಗೊತ್ತು. ಕೊಡ ಕೆಳಗಿಟ್ಟಳು.

"ಕಳಕವ್ವಾ, ಅಲ್ಲಿ ಹಾದು ಹೋಗೋರು ಒಂದೊಂದು ಕಲ್ಲು ಹಾಕೂದು ನಮ್ಮ ಊರ ಪದ್ಧತಿ. ಅದನ್ನ ಬ್ಯಾಡ ಅಂದೋರು ಯಾರು?"

"ಯಾರೂ ಬ್ಯಾಡ ಅಂದಿಲ್ಲ. ಆದ್ರ ಮೈದಾನ ಆದ ಮ್ಯಾಲ ಆ ಕಡೆ ಯಾರೂ ಹಾದು ಹೋಗೂದಿಲ್ಲಲ್ಲ ಪಕ್ಕೀರವ್ವಾ."

"ಹಾದು ಹೋಗೂಣು ತಗೋ! ಕಟಗಿ ತರಾಕ ಆ ಕಡಿಂದ ಹೋಗೂಣು, ಸಂತಿಗಿ ಆ ಕಡಿಂದ ಹೋಗೂಣು. ಬೀಗರ ಊರಿಗಿ ಹೋಗಬೇಕಂದ್ರೂ ಒಂದು ಸುತ್ತು ಹಾಕ್ಕೊಂಡು ಅದ ಕಡಿಂದ ಹೋಗೂಣು. ಸುತ್ತು ಹೊಡದ್ರ ಕಾಲೇನು ಸವೀತಾವ?"

ಕೇಳಿದೆಯಾ? ನಿನಗೆ ಕಲ್ಲಿನ ಗುಂಪಿ ಬೇಕಾಗಿತ್ತು. ಕೊಡುತ್ತೇವೆ.

ಕಳಕಮ್ಮ

*

ಆಣೆಕಟ್ಟು ಕ್ಯಾಂಪು,
ತಾ. ೮ ನವೆಂಬರ್ ೧೯೪೬

ಆಯಿಗೆ,

ಇದನ್ನು ನಿಲ್ಲಿಸು. ಕೈಮುಗಿದು ಕೇಳುತ್ತೇನೆ.

ಬೆಳಗಾದರೆ ಏಳನೆಯ ಕಟ್ಟೆಯ ಮೇಲೆ ಕಲ್ಲು. ಎತ್ತಿಸಿ ಹಾಕಿಸುತ್ತೇನೆ, ಸಂಜೆಗೆ ಮತ್ತೆ ಕಲ್ಲು. ಕಾವಲಿಗೆ ನಿಲ್ಲಿಸಿದವನನ್ನು ಕೇಳಿದರೆ "ಹೆಂಗಸ್ರು ಹಾದು ಹೋದ್ರಿ ಸಾಹೇಬ್ರ, ಕೈ ಹಿಡಿಯಾಕ ಆಗತೈತೇನ್ರಿ?" ಎನ್ನುತ್ತಾನೆ. ಮೊನ್ನೆ ಅವನೂ ಒಂದು ಹಾಕಿದ್ದು ಕಣ್ಣಾರೆ ಕಂಡೆ. ಕಳೆದ ಭಾನುವಾರ ಕ್ಯಾಂಪಿನ ಡಾಕ್ಟರ್ ಸಾಹೇಬರು ಹೊಡೆದ ಚೆಂಡು ಕಲ್ಲಿಗೆ ತಾಗಿ ತಿರುಗಿ ಬಂದು ಅವರ ಮೊಣಕಾಲಿಗೇ ಬಡಿಯಿತು. ಅವರು ಕುಂಟುತ್ತ ಬಂದು ಎಲ್ಲರ ಎದುರು ನನ್ನನ್ನು ಅಂದ ಮಾತು ನಿನಗೆ ಬರೆಯಲಾರೆ.

ಕಟ್ಟೆಯ ಸುತ್ತ ಮುಳ್ಳುತಂತಿ ಹಾಕಿಸುತ್ತಿದ್ದೇನೆ. ಮಾರ್ಗಶಿರ ಹುಣ್ಣಿಮೆಯ ಭಾನುವಾರ ಹೊಳೆಯ ಆಚೆ ದಂಡೆಯ ಕ್ಲಬ್ಬಿಗೂ ನಮಗೂ ಪಂದ್ಯವಿದೆ. ಆಚೆಯ ಸಾಹೇಬರು ಮೇಮುಗಳ ಸಮೇತ ಬರುತ್ತಾರೆ. ಊಟ, ಬ್ಯಾಂಡು, ಎಲ್ಲದರ ಬಂದೋಬಸ್ತು ನನ್ನದು. ಅದು ಕೆಟ್ಟರೆ ನನ್ನ ನೌಕರಿ ಹೋಯಿತೆಂದೇ ತಿಳಿ. ಮೊಮ್ಮಗನನ್ನು ಬೀದಿಗೆ ಹಾಕಿ ನಿನಗೇನು ಸಿಗುತ್ತದೆ?

ವಿರೂಪಾಕ್ಷಪ್ಪ

*

ಹಿಟ್ನಾಳ,
ಕಾರ್ತಿಕ ಹುಣ್ಣಿಮೆ

ವಿರೂಪಾಕ್ಷಪ್ಪ,

ತಂತಿ ಛಲೋ ಇದೆ. ಪಕ್ಕೀರವ್ವ ಒದ್ದೆ ಸೀರೆ ಒಣಹಾಕಿ ಬಂದಿದ್ದಾಳೆ. ಮೊದಲು ಕಲ್ಲನ್ನು ಬಗ್ಗಿ ಇಡಬೇಕಿತ್ತು, ಈಗ ನಿಂತಲ್ಲಿಂದಲೇ ಎಸೆಯಬಹುದು. ನನ್ನ ಸೊಂಟಕ್ಕೆ ಆರಾಮಾಯಿತು.

ಏನು ಸಿಗುತ್ತದೆ ಎಂದು ಕೇಳಿದೆ. ನಿನ್ನ ಬಾಯಿಂದ ಒಂದು ಮಾತು ಸಿಗಬೇಕು. ಅದು ಸಿಗುವತನಕ ನಿನ್ನ ನೌಕರಿಯೂ ನಿನ್ನ ಇಜ್ಜತ್ತೂ ನನಗೆ ಹೊಲದ ಬದುವಿನ ಹುಲ್ಲು. ಡಾಕ್ಟರನ ಮೊಣಕಾಲಿಗೆ ಹರಳೆಣ್ಣೆ ಕಾಸಿ ಹಚ್ಚಲು ಹೇಳು. ಅವನ ಮೇಲೆ ನನಗೆ ಸಿಟ್ಟಿಲ್ಲ.

ಹುಣ್ಣಿಮೆಯ ದಿನ ಪಂದ್ಯವೆಂದು ತಿಳಿಸಿದ್ದಕ್ಕೆ ಉಪಕಾರವಾಯಿತು. ಹಿಂದಿನ ದಿನ ಸಂತೆ.

ಕಳಕಮ್ಮ

*

ಆಣೆಕಟ್ಟು ಕ್ಯಾಂಪು,
ತಾ. ೨೬ ನವೆಂಬರ್ ೧೯೪೬

ಪೂಜ್ಯ ಆಯಿಯವರಿಗೆ ಶೇಖರಮ್ಮಳ ನಮಸ್ಕಾರಗಳು.

ಕಾಗದ ಒಡೆದವಳು ನಾನೇ. ಮೊದಲ ಕಾಗದದಿಂದ ಎಲ್ಲವನ್ನೂ ಓದಿದ್ದೇನೆ. ಓದಿ ಅನ್ನದ ಅಗುಳಿನಿಂದ ಮತ್ತೆ ಅಂಟಿಸಿ ಅವರ ಮೇಜಿನ ಮೇಲೆ ಇಡುತ್ತಿದ್ದೆ. ನೀವು ಬೈದದ್ದು ಸರಿಯಾಗಿಯೇ ತಾಗಿದೆ. ಕಡೆತನಕ ಓದು ಎಂದಿದ್ದಿರಿ, ಓದಿದೆ. ಗಟ್ಟಿಯಾಗಿ ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ದಿನ ಊಟಕ್ಕೆ ಬಡಿಸುತ್ತ ಸುಮ್ಮನೆ ಕೇಳಿದೆ, "ಆ ಏಳನೇ ಕಟ್ಟಿ ಮ್ಯಾಲ ದಿನಾ ಕಲ್ಲು ಯಾಕ ಬೀಳ್ತಾವ್ರಿ?"

"ಹಳ್ಳಿ ಮಂದಿ. ಹುಚ್ಚರು" ಎಂದು ಕೈ ತೊಳೆದುಕೊಂಡರು. ಆ ದಿನ ಮಜ್ಜಿಗೆ ಅನ್ನ ಉಣ್ಣಲಿಲ್ಲ.

ನಿನ್ನೆ ಅಧ್ಯಕ್ಷರ ಮನೆಯವರಾದ ಶಹನಾಜಬೇಗಂ ನನ್ನನ್ನು ಚಹಾಕ್ಕೆ ಕರೆದಿದ್ದರು. ಬಸುರಿಗೆ ಬಯಕೆ ಏನಿದೆ ಎಂದು ಪ್ರೀತಿಯಿಂದ ಕೇಳಿದರು. ಆಮೇಲೆ ಕಿಟಕಿಯಿಂದ ತೋರಿಸಿ, "ಶೇಖರಮ್ಮಾ, ನೀವು ಇಲ್ಲಿಯವರು. ಆ ಹೆಂಗಸರು ಸಿಟ್ಟಿನಿಂದ ಕಲ್ಲು ಹಾಕುವವರ ಹಾಗೆ ಕಾಣುವುದಿಲ್ಲ. ಹಾಕಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಅಲ್ಲಿ ಯಾರಿದ್ದಾರೆ?" ಎಂದರು. ನಾನು ಚಹಾದ ಬಟ್ಟಲು ಇಟ್ಟು ಎದ್ದು ಬಂದೆ. ನಮ್ಮ ಅತ್ತೆ ಎನ್ನಬೇಕಾಗಿತ್ತು. ಎನ್ನಲಿಲ್ಲ. ನಮ್ಮವರೂ ಸುಳ್ಳು ಹೇಳಿದರು, ಈಗ ನಾನೂ ಹೇಳಿದಂತಾಯಿತು.

ನನಗೆ ಎಂಟನೆಯ ತಿಂಗಳು. ಮಗು ಒದೆಯುವಾಗಲೆಲ್ಲ ನಿಮ್ಮ ಮಗಳ ಯೋಚನೆ ಬರುತ್ತದೆ. ಈ ಮನೆಯಲ್ಲಿ ಅವರ ಹೆಸರನ್ನು ಒಮ್ಮೆಯೂ ಕೇಳಿಲ್ಲ. ಹೆಸರೇನಿತ್ತು? ಇಷ್ಟನ್ನು ತಿಳಿಸಿರಿ.

ನಿಮ್ಮ ಸೊಸೆ,
ಶೇಖರಮ್ಮ

*

ಹಿಟ್ನಾಳ,
ಮಾರ್ಗಶಿರ ಶುದ್ಧ ಅಷ್ಟಮಿ

ಶೇಖರಮ್ಮಗೆ ಆಶೀರ್ವಾದ.

ಅವಳ ಹೆಸರು ಪಾರ್ವತೆಮ್ಮ. ನಾನು ಪಾರೀ ಎನ್ನುತ್ತಿದ್ದೆ.

ಪ್ಲೇಗಿನ ವರ್ಷ ಊರಲ್ಲಿ ಇಲಿ ಬಿದ್ದವೆಂದು ಎಲ್ಲರೂ ಮನೆ ಬಿಟ್ಟು ಆ ಬೀಳಿನಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಅಳಿಯ ಮೊದಲು ಹೋದ. ಪಾರಿಗೆ ಬಗಲಲ್ಲಿ ಗಡ್ಡೆ ಎದ್ದಾಗ ನಿನ್ನ ಗಂಡ ಇನ್ನೂ ಮೊಲೆ ಬಿಡದ ಕೂಸು. ಕೂಸನ್ನು ಹತ್ತಿರ ತರಬೇಡ ಎಂದು ಅವಳೇ ಹೇಳಿದಳು. ಎದೆ ಕಟ್ಟಿ ಒದ್ದಾಡುತ್ತಿದ್ದಳು, ಹಾಲು ಸೋರಿ ಕುಬಸ ತೊಯ್ಯುತ್ತಿತ್ತು, ಆದರೂ ಕೈ ಚಾಚಲಿಲ್ಲ. "ಯವ್ವಾ, ಅವನ್ನ ದೂರ ಒಯ್ಯಿ, ಆದ್ರ ಅಳೂದು ಕೇಳುವಷ್ಟು ದೂರ ಇರಲಿ" ಎಂದಳು. ನಾನು ಅವನನ್ನು ಎತ್ತಿಕೊಂಡು ಹುಣಸೆಮರದ ಕೆಳಗೆ ಕೂತೆ. ಅವನು ಅತ್ತ. ಅವಳು ಕೇಳಿಸಿಕೊಂಡಳು. ಬೆಳಗಾಗುವಷ್ಟರಲ್ಲಿ ಕೇಳುವವಳು ಇರಲಿಲ್ಲ.

ಹೆಣ ಮುಟ್ಟಲು ಯಾರೂ ಬರಲಿಲ್ಲ. ಆಗಿನ್ನೂ ಮೀಸೆ ಚಿಗುರದ ಜಿಲಾನಸಾಬ ಗುದ್ದಲಿ ತಂದ. ನಾನೂ ಅವನೂ ಅಗೆದೆವು. ಆಳ ಹೋಗಲಿಲ್ಲ, ಕೆಳಗೆ ಬಂಡೆ. ನರಿ ಕೆದರೀತೆಂದು ಅವನು ಒಂದು ಕಲ್ಲು ಇಟ್ಟ, ನಾನು ಒಂದು ಇಟ್ಟೆ. ಊರಿಗೆ ಮರಳುವ ದಿನ ಪ್ರತಿಯೊಬ್ಬರೂ ಒಂದೊಂದು ಇಟ್ಟು ಹೋದರು. ಹೆಣಕ್ಕೆ ಹೆಗಲು ಕೊಡದವರು ಕಲ್ಲಾದರೂ ಕೊಟ್ಟರು. ಅಂದಿನಿಂದ ಆ ಕಡೆ ಹಾದವರು ಬರಿಗೈಯಲ್ಲಿ ಹಾದಿಲ್ಲ. ನಮ್ಮೂರಲ್ಲಿ ಗೋರಿ ಕಟ್ಟುವವರು ಸಿರಿವಂತರು. ನನ್ನ ಮಗಳ ಗೋರಿಯನ್ನು ಹಾದಿಹೋಕರು ಕಟ್ಟಿದರು. ಅದನ್ನು ನಿನ್ನ ಗಂಡ ಗಾಡಿಗೆ ತುಂಬಿಸಿ ಸುರಿಸಿದ.

ಅದಕ್ಕೇ ನನ್ನ ಸಿಟ್ಟು ಇಳಿಯುವುದಿಲ್ಲ. ನೀನು ಬಸುರಿ, ಸಿಟ್ಟಿನ ಮನೆಯಲ್ಲಿ ಬಹಳ ದಿನ ಇರಬೇಡ. ಏನು ಮಾಡು ಎಂದು ನಾನು ಹೇಳುವುದಿಲ್ಲ. ನಿನಗೆ ಓದು ಬರುತ್ತದೆ, ಓದಿದ್ದೀಯ.

ಕಳಕಮ್ಮ

*

ಆಣೆಕಟ್ಟು ಕ್ಯಾಂಪು,
ತಾ. ೧೩ ಡಿಸೆಂಬರ್ ೧೯೪೬

ಆಯಿಗೆ,

ಇನ್ನಾದರೂ ನಿನ್ನ ಹೊಟ್ಟೆ ತಣ್ಣಗಾಯಿತೇ?

ಶನಿವಾರದ ಸಂತೆಗೆ ಹೋದವರು, ಬಂದವರು, ಸುತ್ತಲಿನ ಊರುಗಳವರೆಲ್ಲ ಆ ದಾರಿಯನ್ನೇ ಹಿಡಿದರು. ಭಾನುವಾರ ಬೆಳಗ್ಗೆ ಹೋಗಿ ನೋಡಿದರೆ ಏಳು ಎಂದು ಬರೆದ ತಗಡಿನ ತುದಿ ಮಾತ್ರ ಕಾಣುತ್ತಿತ್ತು. ಎತ್ತಲು ಆಳುಗಳನ್ನು ಕರೆದೆ. ಒಬ್ಬನೂ ಬಗ್ಗಲಿಲ್ಲ. "ಬ್ಯಾರೆ ಏನರ ಹೇಳ್ರಿ ಸಾಹೇಬ್ರ" ಎಂದು ನೆಲ ನೋಡುತ್ತ ನಿಂತರು.

ಪಂದ್ಯಕ್ಕೆಂದು ಮುಳ್ಳುತಂತಿ ತೆಗೆಸಿದ್ದೆ. ಆಟ ಏಳನೆಯ ಕಟ್ಟೆಗೆ ಬಂತು. ಆಚೆ ದಂಡೆಯ ಸಾಹೇಬರು, ಮೇಮುಗಳು, ನಮ್ಮವರು, ಬೇಗಂಗಳು, ಎಲ್ಲರೂ ಬಂದು ನಿಂತರು. ಅಧ್ಯಕ್ಷರು ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಅದೇ ಕೈಕೋಲು. ಆಯಿ, ಆ ಹೊತ್ತು ಹೇಳಿಬಿಡಬೇಕು ಎಂದೇ ಬಾಯಿ ತೆರೆದೆ. ಬಂದದ್ದು ಮಾತ್ರ ಹಳೆಯ ಮಾತೇ. "ಕಲ್ಲಿನ ಗುಂಪಿ, ಹುಜೂರ್."

ಆಗ ಶೇಖರಮ್ಮ ಹೆಂಗಸರ ಸಾಲಿನಿಂದ ಹೊರಗೆ ಬಂದಳು. ಮದುವೆಯ ಸೀರೆ ಉಟ್ಟಿದ್ದಳು. ಚಪ್ಪಲಿ ಬಿಟ್ಟಳು. ತುಂಬಿದ ಹೊಟ್ಟೆ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ ಒಂದು ಕಲ್ಲು ಎತ್ತಿ, ಅದರ ಮೇಲೆ ಇಟ್ಟು, ಕಣ್ಣಿಗೆ ಒತ್ತಿಕೊಂಡಳು. ಶಹನಾಜಬೇಗಂ ಅವರ ಕಡೆ ತಿರುಗಿ, "ಆ ದಿನ ಕೇಳಿದ್ರಲ್ರೀ, ಅಲ್ಲಿ ಯಾರಿದ್ದಾರ ಅಂತ. ನಮ್ಮ ಅತ್ತಿ ಪಾರ್ವತೆಮ್ಮ ಅದಾರ್ರಿ. ಇವರ ತಾಯಿ" ಎಂದಳು.

ಅಧ್ಯಕ್ಷರು ತಲೆಯ ಮೇಲಿನ ಟೋಪಿ ತೆಗೆದರು. ಆಚೆಯವರೂ ತೆಗೆದರು. ಟೋಪಿ ಇದ್ದದ್ದು ನನ್ನ ತಲೆಯ ಮೇಲೆ ಮಾತ್ರ. ಆಮೇಲೆ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಮೊದಲ ದಿನವೇ ಹೇಳಿದ್ದರೆ ಕಟ್ಟೆಯನ್ನು ಹತ್ತು ಮಾರು ಆಚೆ ಕಟ್ಟುತ್ತಿದ್ದೆವು. ಅಷ್ಟೇ ಕೆಲಸ." ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಸಂಜೆ ಕ್ಲಬ್ಬಿನ ಬೀಗದ ಕೈ ಗೊಂಚಲನ್ನು ಮೇಜಿನ ಮೇಲೆ ಇಡಿಸಿಕೊಂಡರು. "ತಾಯಿಯನ್ನೇ ಮುಚ್ಚಿಟ್ಟವರು ನಮ್ಮಿಂದ ಏನೇನು ಮುಚ್ಚಿಟ್ಟಾರು?" ಎಂದರು. ಕೆಲಸದ ಮಾತು ಕಮಿಟಿಯ ಮುಂದಿದೆ.

ಕಟ್ಟೆ ಕಿತ್ತಿದ್ದಾರೆ. ಸುತ್ತ ಬೇಲಿ ಹಾಕಿ ಯಾರೂ ತುಳಿಯದಂತೆ ಹುಕುಂ ಮಾಡಿದ್ದಾರೆ. ನಿನಗೆ ಬೇಕಾದದ್ದೆಲ್ಲ ಆಯಿತು. ಶೇಖರಮ್ಮ ಆ ದಿನವೇ ಜಿಲಾನಸಾಬನ ಹಾಲಿನ ಗಾಡಿ ಹತ್ತಿ ನಿನ್ನ ಮನೆಗೆ ಬಂದವಳು ಇನ್ನೂ ತಿರುಗಿ ಬಂದಿಲ್ಲ. ಅವಳ ತವರಿನವರು ಗಂಗಾವತಿಯಿಂದ ಗಾಡಿ ಕಳಿಸಿದ್ದಾರೆ, ಅದರಲ್ಲಿ ಹತ್ತಿಸಿ ಕಳಿಸು.

ಇದರ ಜೊತೆ ಜಿಲಾನಸಾಬನ ಕೈಯಲ್ಲಿ ಒಂದು ಬಿಳಿ ಕಲ್ಲು ಕೊಟ್ಟಿದ್ದೇನೆ. ನಾನು ಆ ಕಡೆ ಹೋದರೆ ಆಳುಗಳೆಲ್ಲ ನಿಂತು ನೋಡುತ್ತಾರೆ. ನನ್ನ ಹೆಸರಿನಲ್ಲಿ ನೀನೇ ಇಟ್ಟುಬಿಡು.

ವಿರೂಪಾಕ್ಷಪ್ಪ

*

ಹಿಟ್ನಾಳ,
ಮಾರ್ಗಶಿರ ಬಹುಳ ದಶಮಿ

ವಿರೂಪಾಕ್ಷಪ್ಪ,

ನಿನ್ನ ಕಲ್ಲು ಈ ಕಾಗದದ ಜೊತೆ ತಿರುಗಿ ಬಂದಿದೆ. ಬಿಚ್ಚಿ ನೋಡಿಕೋ. ಜಿಲಾನಸಾಬ ಅದನ್ನು ನನ್ನ ಮನೆಯ ಕಟ್ಟೆಯ ಮೇಲೆ ಇಟ್ಟು ದೂರ ಸರಿದು ನಿಂತ. "ಅವ್ವಾ, ಆವತ್ತು ಕಲ್ಲು ಹೊತ್ತೀನಿ, ಇವತ್ತೂ ಹೊರತೀನಿ. ಆದ್ರ ಮಗ ಇಡೂ ಕಲ್ಲು ನಾ ಹ್ಯಾಂಗ ಹೊರಲಿ?" ಎಂದ. ಹೊರಬಾರದಪ್ಪಾ, ತಿರುಗಿ ಒಯ್ಯಿ ಎಂದೆ.

ಬೀಗದ ಕೈ ಹೋಯಿತೆಂದು ಬರೆದಿದ್ದೀಯ. ಓದಿ ಎಲೆ ಅಡಿಕೆ ಹಾಕಿಕೊಂಡೆ. ಪಾಪ ಅನಿಸಲಿಲ್ಲ. ಸಾಹೇಬರು ಟೋಪಿ ತೆಗೆದರೆಂದು ಬರೆದೆ, ಬೇಲಿ ಹಾಕಿಸಿದರೆಂದು ಬರೆದೆ. ಅವರ ಪಾಲಿನ ಮರ್ಯಾದೆ ಅವರು ಮಾಡಿದರು. ಕಲ್ಲು ಹಾಕಿ ಊರವರೂ ಮಾಡಿದರು. ಇನ್ನೊಂದು ಮನೆಯಿಂದ ಬಂದವಳು, ಅತ್ತೆಯ ಮುಖವನ್ನೇ ಕಾಣದವಳು, ಅವಳೂ ಮಾಡಿದಳು. ನಿನ್ನ ಪಾಲು ಹಾಗೇ ಉಳಿದಿದೆ. ಅದನ್ನು ಗಾಡಿಯಲ್ಲಿ ಕಳಿಸುತ್ತೀಯಾ? ನಿನ್ನ ಅಳು ಕೇಳುತ್ತಲೇ ಸತ್ತವಳು ಅವಳು. ಆವತ್ತು ಯಾರನ್ನಾದರೂ ಕಳಿಸಿ ಕೇಳಿಸಿಕೊಂಡಳೇನು?

ನನಗೆ ಬೇಕಾದದ್ದೆಲ್ಲ ಆಯಿತು ಎನ್ನುತ್ತೀಯ. ಕಟ್ಟೆ ಹೋಯಿತು, ಬೇಲಿ ಬಂತು, ಅದನ್ನೆಲ್ಲ ಸಾಹೇಬರು ಮಾಡಿದರು. ನಿನ್ನ ಬಾಯಿಂದ ಒಂದು ಮಾತು ಕೇಳಿದ್ದೆ. ಅದನ್ನು ನಿನ್ನ ಹೆಂಡತಿ ಆಡಿದಳು. ನೀನು ಆಡುವತನಕ ನನ್ನ ಲೆಕ್ಕಕ್ಕೆ ಯಾರೂ ಆಡಿಲ್ಲ.

ಗಂಗಾವತಿಯ ಗಾಡಿ ಬಂದಿತ್ತು. ಎತ್ತಿಗೆ ಹೊಟ್ಟು ಹಾಕಿ, ಗಾಡಿಯವನಿಗೆ ಉಣ್ಣಲು ಹಾಕಿ ಕಳಿಸಿದೆ. ಶೇಖರಮ್ಮ ಹತ್ತಲಿಲ್ಲ. ನಾನು ಹಿಡಿದಿಟ್ಟೆ ಎಂದು ತಿಳಿಯಬೇಡ, ಹೋಗು ಎಂದೇ ಹೇಳಿದೆ. ಒಳಗಿನಿಂದಲೇ ಕೂಗಿದಳು: "ಚೊಚ್ಚಲ ಹೆರಿಗಿ ತವರಾಗ ಆಗಬೇಕು ಅಂತಾರ. ನಂದು ಅತ್ತಿ ಊರಾಗ ಆಗಲಿ. ಇವರಿಗಿ ಅವ್ವ ಇದ್ದಳು ಅಂತ ನನ್ನ ಕೂಸಿಗಾದ್ರೂ ಗೊತ್ತಿರಲಿ." ಅವಳ ಬಾಯಿ ನನ್ನದಕ್ಕಿಂತ ಜೋರಿದೆ. ನಿನ್ನ ಮುಂದಿನ ದಿನಗಳನ್ನು ನೆನೆದು ನನಗೆ ಸಮಾಧಾನವಾಯಿತು.

ದಿನ ತುಂಬುತ್ತಿವೆ. ಸೂಲಗಿತ್ತಿಗೆ ಹೇಳಿಟ್ಟಿದ್ದೇನೆ. ಹುಟ್ಟುವುದು ಗಂಡಾಗಲಿ ಹೆಣ್ಣಾಗಲಿ, ಈ ಅಂಗಳದಲ್ಲೇ ಬೆಳೆಯುತ್ತದೆ, ನೀನು ಬೆಳೆದ ಹಾಗೆ. ನಿನಗೆ ಹಾಕಿದ ತೊಟ್ಟಿಲನ್ನೇ ಕಟ್ಟುತ್ತೇನೆ. ಮಾತು ಬಂದ ಮೇಲೆ ಒಂದು ದಿನ ಅದು ಕೇಳುತ್ತದೆ, ನನ್ನಪ್ಪ ಎಲ್ಲಿ ಎಂದು. ಆಗ ಅದನ್ನು ಎತ್ತಿಕೊಂಡು ಹೋಗಿ, ದೂರದಿಂದ ನಿನ್ನ ಕ್ಯಾಂಪಿನ ಕಡೆ ಬೆರಳು ತೋರಿಸಿ, "ಅಲ್ಲೇನೂ ಇಲ್ಲ ಕೂಸೇ, ಬರೇ ಒಂದು ಕಲ್ಲಿನ ಗುಂಪಿ" ಎನ್ನುತ್ತೇನೆ. ನೀನು ಕಲಿಸಿಕೊಟ್ಟ ಮಾತು. ಮರೆಯುವುದಿಲ್ಲ.

ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲದ ಪೈರಿಗೆ ಎಡೆಯ ಚರಗ ಚೆಲ್ಲಲು ಹೋಗುತ್ತೇವೆ. ಹೋಗುವ ದಾರಿ ಯಾವುದೆಂದು ನಿನಗೆ ಗೊತ್ತು. ಆ ದಿನ ಊರ ಮಂದಿಯೆಲ್ಲ ಆ ಬೀಳಿನಲ್ಲಿ ಹಾಯುತ್ತಾರೆ, ನಿನ್ನ ಆಳುಗಳೂ ಇರುತ್ತಾರೆ, ನಿಂತು ನೋಡುತ್ತಾರೆ. ನೋಡಲಿ. ನೀನು ಬಂದರೆ ನಾನು ನಿನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ. ಕೈಯಲ್ಲಿ ಆ ಬಿಳಿ ಕಲ್ಲಿದ್ದರೆ, ಬಾಯಲ್ಲಿ ಆ ಒಂದು ಮಾತಿದ್ದರೆ, ಆಮೇಲೆ ಮುಖ ನೋಡಿ ಉಂಡೆಯೋ ಇಲ್ಲವೋ ಎಂದು ಕೇಳುತ್ತೇನೆ. ಬರಿಗೈಯಲ್ಲಿ ಬಂದರೆ ಹಾಗೇ ಹಾದು ಹೋಗು. ಕೂಸು ಅತ್ತರೆ ನಿನಗೆ ಕೇಳುವಷ್ಟು ದೂರದಲ್ಲೇ ಇದೆ ಕ್ಯಾಂಪು. ಕೇಳುತ್ತ ಇರು.

ಪುಷ್ಯ ಮಾಸ ಕಾಲಿಡುವ ಮೊದಲು ನನಗೆ ಉತ್ತರ ಬರಬೇಕು. ಕಾಗದ ಕಳಿಸಬೇಡ, ಜಿಲಾನಸಾಬ ಇನ್ನು ಹಾಲು ಬಿಟ್ಟು ಬೇರೇನೂ ಹೊರುವುದಿಲ್ಲ. ನೀನೇ ನಡೆದುಕೊಂಡು ತಾ.

ನಿನ್ನವ್ವನ ಅವ್ವ,
ಕಳಕಮ್ಮ